ನೀರನ್ನು ಸಾಕುವ ಮನೆ

ತೊಟ್ಟಿಯಲ್ಲಿ ಜೀವ ಅಂತ ಕಾಣುವಂಥದ್ದು ಏನೂ ಇಲ್ಲ. ಮೂರಡಿ ಉದ್ದದ ಗಾಜು, ಒಳಗೆ 150 ಲೀಟರ್ ನೀರು, ತಳದಲ್ಲಿ ನುಣುಪಾದ ಮರಳು, ಅಡ್ಡ ಮಲಗಿಸಿದ ಎರಡು ಮಣ್ಣಿನ ಕುಂಡ, ಮೂಲೆಯಲ್ಲಿ ಗುಳುಗುಳು ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರ್. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ಅಕ್ಕನ ಮನೆಯ ಬೇಸ್‌ಮೆಂಟು. ಹೊರಗೆ ಹಿಮ ಕರಗಿ ಹುಲ್ಲು ತಲೆಯೆತ್ತುತ್ತಿದೆ. ಒಳಗೆ ಈ ಖಾಲಿ ತೊಟ್ಟಿಯ ಮುಂದೆ ಅಕ್ಕನ ಹನ್ನೊಂದು ವರ್ಷದ ಮಗಳು ಮಂಡಿಯೂರಿ ಕೂತಿದ್ದಾಳೆ. ಪುಟ್ಟ ಗಾಜಿನ ನಳಿಗೆಗೆ ಗೆರೆಯವರೆಗೆ ತೊಟ್ಟಿಯ ನೀರು ತುಂಬಿ, ಒಂದು ಬಾಟಲಿಯಿಂದ ಎಂಟು ಹನಿ, ಇನ್ನೊಂದರಿಂದ ಎಂಟು ಹನಿ ಬಿಟ್ಟು, ಮುಚ್ಚಳ ಹಾಕಿ ಅಲುಗಿಸಿ ಐದು ನಿಮಿಷ ಕಾಯುತ್ತಾಳೆ. ನೀರು ಮೆಲ್ಲಗೆ ಹಸಿರಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

“ಇವತ್ತೂ ಹಸಿರೇ ಚಿಕ್ಕಮ್ಮ. ಹಳದಿ ಆಗ್ಬೇಕು. ಹಳದಿ ಆದ್ರೆ ಅಮೋನಿಯ ಸೊನ್ನೆ ಅಂತ.”

ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಾಳೆ. ಅವಳಿಗೆ ಬೇಕಿರುವುದು ಆಕ್ಸಲಾಟಲ್, ಸಲಮಾಂಡರ್ ಎಂಬ ಬಾಲದ ಉಭಯಚರಿಗಳ ಗುಂಪಿನ, ನೀರಲ್ಲೇ ಬಾಳುವ ಪ್ರಾಣಿ. ಅದು ಮನೆಗೆ ಬರುವುದಕ್ಕೆ ಇನ್ನೂ ವಾರಗಳಿವೆ. ಸದ್ಯಕ್ಕೆ ಅವಳು ಸಾಕುತ್ತಿರುವುದು ನೀರನ್ನು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಸ್ಪಂಜಿನ ಸಂದಿಗೊಂದಿಗಳಲ್ಲಿ ಕಣ್ಣಿಗೆ ಕಾಣದೆ ಬಿಡಾರ ಹೂಡುತ್ತಿರುವ ಬ್ಯಾಕ್ಟೀರಿಯಾಗಳನ್ನು.

ನೀರಲ್ಲಿರುವ ಪ್ರಾಣಿಯ ಕಿವಿರಿನಿಂದ, ಹೊಲಸಿನಿಂದ, ತಿಂದು ಬಿಟ್ಟ ಚೂರುಪಾರಿನಿಂದ ಅಮೋನಿಯ ಹುಟ್ಟುತ್ತದೆ. ಕೆರೆಯಲ್ಲಾದರೆ ಅದು ಎಲ್ಲೋ ಕರಗಿ ಹೋದೀತು. ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಪ್ರಾಣಿ ಉಸಿರಾಡುವ ನೀರಲ್ಲೇ ಅದು ಕೂಡಿಕೊಳ್ಳುತ್ತ ಹೋಗುತ್ತದೆ, ಕಿವಿರನ್ನು, ಚರ್ಮವನ್ನು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೇಡಲ್ಲ, ವಾರವಾರ ಒಂದಿಷ್ಟು ನೀರು ಬದಲಿಸಿದರೆ ಹದ್ದುಬಸ್ತಿನಲ್ಲಿರುತ್ತದೆ. ಈ ಎರಡೂ ಬಳಗ ನೆಲೆಯೂರಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಅಲ್ಲಿಯವರೆಗೆ ಅವಕ್ಕೂ ಊಟ ಬೇಕಲ್ಲ, ಅದಕ್ಕೇ ಹುಡುಗಿ ಬಾಟಲಿಯ ಅಮೋನಿಯವನ್ನು ಲೆಕ್ಕ ಹಾಕಿ ತೊಟ್ಟಿಗೆ ಹನಿಸುತ್ತಾಳೆ. ಹಾಕಿದ 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಅಮೋನಿಯ 24 ಗಂಟೆಯೊಳಗೆ ಪೂರಾ ನೈಟ್ರೇಟ್ ಆದರೆ ‘ತೊಟ್ಟಿ ಸೈಕಲ್ ಆಯಿತು’ ಎಂದು ಲೆಕ್ಕ. ಆಕ್ಸಲಾಟಲ್ ತಂದು ಕಳೆದುಕೊಂಡವರನ್ನು ಮಾತಾಡಿಸಿದರೆ ಹೆಚ್ಚಿನವರದು ಒಂದೇ ಕತೆ: ಶನಿವಾರ ತೊಟ್ಟಿ ತಂದರು, ಶನಿವಾರವೇ ಪ್ರಾಣಿಯನ್ನೂ ತಂದರು.

ಹುಡುಗಿಗೆ ಆಕ್ಸಲಾಟಲ್ ಸಾಕುವ ಆಸೆ ಹುಟ್ಟಿದ್ದು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಿಂದ. 2021ರಲ್ಲಿ ಆಕ್ಸಲಾಟಲ್ ಆ ಆಟದೊಳಗೆ ಬಂತು, ಮಕ್ಕಳು ಮರುಳಾದರು. ಆಟದಲ್ಲಿ ಅದನ್ನು ಬಕೆಟ್ಟಿಗೆ ತುಂಬಿಕೊಂಡು ಊರೆಲ್ಲ ಸುತ್ತಬಹುದು. ನಿಜದ ಪ್ರಾಣಿಯ ಮೂಳೆ ಬಹುಪಾಲು ಮೆತ್ತಗಿನ ಮೃದ್ವಸ್ಥಿ, ಚರ್ಮದ ಮೇಲೆ ತೆಳುವಾದ ಲೋಳೆ. ಕೈಯಲ್ಲಿ ಹಿಡಿಯುವುದೇ ಅದಕ್ಕೆ ಪೆಟ್ಟು. ಅಕ್ಕ ಮಗಳಿಗೆ ಹಾಕಿದ ಷರತ್ತು ಎರಡೇ. ಮುಟ್ಟಬಾರದು. ನೀರು ಸಿದ್ಧವಾಗುವವರೆಗೆ ಕೊಳ್ಳಬಾರದು. ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುವ ಪ್ರಾಣಿ ಅದು. ಹನ್ನೊಂದರ ಹುಡುಗಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದರೂ ಅದು ಇರುತ್ತದೆ. ಆಗ ನೋಡಿಕೊಳ್ಳುವವರು ಯಾರೆಂಬ ಮಾತನ್ನೂ ಅಕ್ಕ, ಭಾವ ಮೊದಲೇ ಆಡಿಕೊಂಡಿದ್ದರು.

ನಳಿಗೆಯ ನೀರು ಕೊನೆಗೂ ಹಳದಿಯಾಯಿತು. ಒಂದು ಭಾನುವಾರ ಎಲ್ಲರೂ ಸರೀಸೃಪಗಳ ಸಂತೆಗೆ ಹೊರಟೆವು.

ಊರ ಹೊರಗಿನ ದೊಡ್ಡ ಹಾಲು. ಸಾಲು ಸಾಲು ಮೇಜು. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಸುತ್ತಿಕೊಂಡು ಮಲಗಿದ ಹೆಬ್ಬಾವಿನ ಮರಿಗಳು, ಕಣ್ಣು ನೆಕ್ಕಿಕೊಳ್ಳುವ ಗೆಕ್ಕೋ ಹಲ್ಲಿಗಳು, ಬಣ್ಣಬಣ್ಣದ ಕಪ್ಪೆಗಳು. ಆಹಾರಕ್ಕೆಂದು ಡಬ್ಬಿಗಳಲ್ಲಿ ಚಿರ್‌ಗುಡುವ ಜೀರುಂಡೆಗಳು, ಅವುಗಳದೇ ಒಂದು ಮಣ್ಣುಮುಗ್ಗಲು ವಾಸನೆ. ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ಮೊಸರು ತುಂಬುವಂಥ ದುಂಡನೆ ಪ್ಲಾಸ್ಟಿಕ್ ಲೋಟಗಳಲ್ಲಿ, ಅಂಗೈಯಷ್ಟು ನೀರಿನಲ್ಲಿ, ಆಕ್ಸಲಾಟಲ್ ಮರಿಗಳು. ಮೊದಲು ಕಂಡ ಮೇಜಿನಲ್ಲಿ ಬೆರಳಿನ ಅರ್ಧದಷ್ಟೂ ಇಲ್ಲದ ಎಳೆಯವು, ಮೇಲೆ ನೇರ ಟ್ಯೂಬ್‌ಲೈಟ್ ಬೆಳಕು. ಅವಕ್ಕೆ ರೆಪ್ಪೆಯೇ ಇಲ್ಲ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವಂತಿಲ್ಲ. “ಸಣ್ಣ ಬೋಗುಣಿ ಸಾಕು, ಏನೂ ತೊಂದರೆಯಿಲ್ಲ” ಎಂದ ಮಾರುವವನ ಮಾತಿಗೆ ಹುಡುಗಿ ನನ್ನ ಮುಖ ನೋಡಿದಳು. ಏನೂ ಹೇಳದೆ ಮುಂದೆ ಹೋದಳು.

ಇನ್ನೊಂದು ಮೇಜಿನ ಹಿಂದೆ ನರೆತ ಗಡ್ಡದ ಹಿರಿಯರೊಬ್ಬರಿದ್ದರು. ಅವರ ಮರಿಗಳು ಮೇಜಿನ ಮೇಲಿರಲಿಲ್ಲ. ಕೆಳಗೆ ಐಸ್ ಚೀಲಗಳಿಟ್ಟ ಥರ್ಮೊಕೋಲ್ ಪೆಟ್ಟಿಗೆಯಲ್ಲಿದ್ದವು. ಬೆಲೆ ಹೇಳುವ ಮೊದಲೇ ಅವರು ಹುಡುಗಿಯನ್ನು ಕೇಳಿದರು: ತೊಟ್ಟಿ ಯಾವಾಗಿನಿಂದ ಓಡುತ್ತಿದೆ? ನೀರಿನ ಶಾಖ ಎಷ್ಟು? ತಳಕ್ಕೆ ಏನು ಹಾಕಿದ್ದೀಯ? ಅವಳು ನೋಟ್‌ಬುಕ್ಕನ್ನೇ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಹಾಳೆ ಹಾಳೆಯಾಗಿ ತಿರುವಿದರು. ಕೊಳ್ಳಲು ಬಂದವರನ್ನು ಇಷ್ಟು ಪ್ರಶ್ನೆ ಕೇಳುವವರ ಹತ್ತಿರವೇ ಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಳದವರಿಗೆ ಪ್ರಾಣಿಯ ನಾಳೆಯ ಚಿಂತೆಯಿಲ್ಲ.

ಅವರು ಒಂದೊಂದೇ ಲೋಟ ಎತ್ತಿ ತೋರಿಸಿದರು. ನೋಡಬೇಕಾದದ್ದು ಏನೆಂದೂ ಹೇಳಿಕೊಟ್ಟರು. ತಲೆಯ ಎರಡೂ ಬದಿ ಮೂರು ಮೂರು ಕಿವಿರಿನ ಕಾಂಡ, ಅದರ ಮೇಲಿನ ಎಳೆಗಳು ನವಣೆ ತೆನೆಯಂತೆ ತುಂಬಿಕೊಂಡಿರಬೇಕು. ಬೋಳಾಗಿದ್ದರೆ ಕೆಟ್ಟ ನೀರಿನಲ್ಲಿ ಬೆಳೆದದ್ದು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಹೊಟ್ಟೆಯ ಅಗಲ ತಲೆಯ ಅಗಲಕ್ಕೆ ಸರಿಸಮ. ನೀರಿನ ಮೇಲೆ ತೇಲುತ್ತಿರಬಾರದು, ತಳದಲ್ಲಿ ಕೂತಿರಬೇಕು. ಮೈಮೇಲೆ ಹತ್ತಿಯಂಥ ಬೂಷ್ಟು ಕಂಡರೆ ಬೇಡ. ಏಳೆಂಟು ಸೆಂಟಿಮೀಟರಿಗಿಂತ ಸಣ್ಣದು ಹೊಸಬರಿಗೆ ಬೇಡವೇ ಬೇಡ. ಅಷ್ಟು ಎಳೆಯದಕ್ಕೆ ದಿನಾ ಜೀವಂತ ಆಹಾರ ಬೇಕು, ಒಂದು ಹೊತ್ತು ತಪ್ಪಿದರೂ ಸೊರಗುತ್ತದೆ. ಕಡೆಗೆ ನಮ್ಮೆದುರೇ ಒಂದೊಂದಕ್ಕೂ ಹುಳುವಿನ ತುಣುಕು ಕೊಟ್ಟು ತಿನ್ನಿಸಿ ತೋರಿಸಿದರು.

ಎಲ್ಲರೂ ಕೇಳುವುದು ತಿಳಿಗುಲಾಬಿ ಮೈಯ, ಕಪ್ಪು ಕಣ್ಣಿನ ಬಗೆಯನ್ನು. ಜಾಹೀರಾತಿನಲ್ಲಿ, ಗೊಂಬೆಯಲ್ಲಿ, ಮಕ್ಕಳ ಅಂಗಿಯ ಮೇಲೆ ಇರುವುದು ಅದೇ. ಚಿನ್ನದ ಬಣ್ಣದವು ಇವೆ, ಪೂರ್ತಿ ಕಪ್ಪಿನವು ಇವೆ, ನೀಲಿ ದೀಪದಡಿ ಹಸಿರಾಗಿ ಹೊಳೆಯುವಂತೆ ಪ್ರಯೋಗಾಲಯದಲ್ಲಿ ಜೀನ್ ಸೇರಿಸಿದವೂ ಇವೆ. ಹುಡುಗಿಯ ಕಣ್ಣು ನಿಂತದ್ದು ಕಾಡಿನ ಮೂಲ ಬಣ್ಣದ ಒಂದು ಮರಿಯ ಮೇಲೆ. ಕಪ್ಪಿಗೆ ಹತ್ತಿರದ ಕಂದು, ಮೇಲೆಲ್ಲ ಹೊಂಬಣ್ಣದ ಚುಕ್ಕಿ, ಕಣ್ಣಿನ ಸುತ್ತ ತೆಳ್ಳನೆ ಹೊಳೆಯುವ ಉಂಗುರ. ಬೆಲೆ 40 ಡಾಲರ್. ತೊಟ್ಟಿ, ಫಿಲ್ಟರ್, ಪರೀಕ್ಷೆಯ ಪೆಟ್ಟಿಗೆ, ನೀರು ತಂಪು ಮಾಡುವ ಚಿಲ್ಲರ್ ಇವುಗಳ ಮುಂದೆ ಪ್ರಾಣಿಯ ಬೆಲೆ ಏನೇನೂ ಅಲ್ಲ. ಕಾರಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಅವಳು ಹೆಸರಿಟ್ಟಳು: ರಾಗಿ.

ಅಮೆರಿಕದಲ್ಲೂ ಎಲ್ಲ ಕಡೆ ಇದನ್ನು ಸಾಕುವಂತಿಲ್ಲ. ಕ್ಯಾಲಿಫೋರ್ನಿಯದಲ್ಲಿ ನಿಷೇಧವಿದೆ. ಅಲ್ಲಿ ಇದರ ನೆಂಟನಾದ ಹುಲಿ ಸಲಮಾಂಡರ್ ಅಳಿವಿನ ಅಂಚಿನಲ್ಲಿದೆ. ಬೇಸತ್ತ ಯಾರಾದರೂ ಆಕ್ಸಲಾಟಲನ್ನು ಹಳ್ಳಕ್ಕೆ ಬಿಟ್ಟರೆ ರೋಗವನ್ನೋ ಬೆರಕೆಯನ್ನೋ ತಂದೀತೆಂಬ ಭಯ. ನ್ಯಾಯವಾದ ಭಯವೇ.

ಮನೆಗೆ ಬಂದ ರಾಗಿ ಮೊದಲೆರಡು ದಿನ ಕುಂಡದೊಳಗಿಂದ ಈಚೆ ಬರಲಿಲ್ಲ. ತೊಟ್ಟಿಯ ದೀಪ ಹಚ್ಚಲಿಲ್ಲ, ಯಾರೂ ಗಾಜು ತಟ್ಟಲಿಲ್ಲ. ಮೂರನೆಯ ಸಂಜೆ ಮೊದಲು ಕಿವಿರು, ಆಮೇಲೆ ಅಗಲವಾದ ತಲೆ, ಆಮೇಲೆ ಮೆಲ್ಲಗೆ ಒಂದು ಮುಂಗಾಲು. ಮರಳಿನ ಮೇಲೆ ಕಾಲೂರಿ ನಡೆಯುವಾಗ ಅದಕ್ಕೆ ಯಾವ ಅವಸರವೂ ಇಲ್ಲ. ಆಗಾಗ ಕಿವಿರುಗಳನ್ನು ಒಮ್ಮೆ ಹಿಂದಕ್ಕೆ ಒದರಿ ಹೊಸ ನೀರು ತಾಗಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಬಾಲ ಬೀಸಿ ಮೇಲೇರಿ, ಒಂದು ಗುಟುಕು ಗಾಳಿ ಕುಡಿದು, ಬಾಯಿಂದ ಒಂದೆರಡು ಗುಳ್ಳೆ ಬಿಡುತ್ತ ಕೆಳಗಿಳಿಯುತ್ತದೆ. ಕಿವಿರಿನ ಜೊತೆಗೆ ಅದಕ್ಕೆ ಶ್ವಾಸಕೋಶವೂ ಇದೆ, ಚರ್ಮದಿಂದಲೂ ಉಸಿರಾಡುತ್ತದೆ.

ನೋಡಿದವರೆಲ್ಲ “ಎಷ್ಟು ಚೆನ್ನಾಗಿ ನಗುತ್ತೆ” ಅನ್ನುತ್ತಾರೆ. ಅದು ಬಾಯಿಯ ಗೆರೆ, ಅಷ್ಟೇ. ಪ್ರಾಣ ಹೋಗುವ ಸಂಕಟದಲ್ಲೂ ಆ ಗೆರೆ ಹಾಗೇ ಇರುತ್ತದೆ. ಆಕ್ಸಲಾಟಲ್‌ನ ಸುಖದುಃಖ ತಿಳಿಯಬೇಕಾದರೆ ಮುಖ ಬಿಟ್ಟು ಕಿವಿರು ನೋಡಬೇಕು. ಕಿವಿರು ಮುಂದಕ್ಕೆ ಬಾಗಿ ಸುರುಳಿಯಾಗಿದ್ದರೆ ನೀರಿನ ಹರಿವು ಜೋರಾಗಿದೆ, ಇಲ್ಲವೇ ನೀರು ಕೆಟ್ಟಿದೆ. ಬಾಲದ ತುದಿ ಕೊಕ್ಕೆಯಂತೆ ಮಡಿಸಿದ್ದರೆ ಏನೋ ಬೇನೆಯಲ್ಲಿದೆ. ಅಂಥ ಹೊತ್ತಿನಲ್ಲಿ ಅನುಭವಸ್ಥರು ಔಷಧಿಗೆ ಓಡುವುದಿಲ್ಲ. ಕ್ಲೋರಿನ್ ತೆಗೆದ ತಣ್ಣನೆ ನೀರು ತುಂಬಿದ ಬೇರೆ ಟಬ್ಬಿನಲ್ಲಿ ಪ್ರಾಣಿಯನ್ನು ಇಟ್ಟು, ದಿನಾ ಪೂರ್ತಿ ನೀರು ಬದಲಿಸುತ್ತ, ತೊಟ್ಟಿಯಲ್ಲಿ ಏನು ಕೆಟ್ಟಿದೆಯೆಂದು ಹುಡುಕುತ್ತಾರೆ. ಬಹಳ ಸಲ ಅಷ್ಟರಲ್ಲೇ ಚೇತರಿಸಿಕೊಳ್ಳುತ್ತದೆ. ಮೀನಿಗೆ ಹಾಕುವ ತಾಮ್ರದ ಔಷಧಿ ಇದಕ್ಕೆ ವಿಷ.

ತಳಕ್ಕೆ ಬಣ್ಣದ ಕಲ್ಲು ಹಾಕಬಾರದೆನ್ನುವುದಕ್ಕೂ ಕಾರಣವಿದೆ. ಇದು ಕಚ್ಚಿ ತಿನ್ನುವ ಪ್ರಾಣಿಯಲ್ಲ, ಹೀರಿ ನುಂಗುವ ಪ್ರಾಣಿ. ಬಾಯಿ ತೆರೆದ ರಭಸಕ್ಕೆ ಎದುರಿದ್ದದ್ದೆಲ್ಲ ನೀರಿನೊಡನೆ ಒಳಗೆ. ಬಟಾಣಿಯಷ್ಟು ಕಲ್ಲು ಒಳಹೋದರೆ ಕರುಳು ಕಟ್ಟುತ್ತದೆ. ಒಂದೇ ತೊಟ್ಟಿಯಲ್ಲಿ ಮೀನು ಬಿಡಬಾರದು; ಇದು ಮೀನನ್ನು ನುಂಗುತ್ತದೆ, ಮೀನು ಇದರ ಕಿವಿರು ಕೀಳುತ್ತದೆ. ಮರಿಗಳನ್ನು ಕೂಡಿಹಾಕಿದರೆ ಒಂದು ಇನ್ನೊಂದರ ಕಾಲು ಕಚ್ಚುತ್ತದೆ. ಕಾಲು ಮತ್ತೆ ಬೆಳೆಯುತ್ತದೆ, ಬಾಲ ಬೆಳೆಯುತ್ತದೆ, ಬೆನ್ನುಹುರಿ, ಹೃದಯದ, ಮಿದುಳಿನ ಭಾಗಗಳೂ ಕೂಡಿಕೊಳ್ಳುತ್ತವೆ. ಜಗತ್ತಿನ ಪ್ರಯೋಗಾಲಯಗಳು ಇದರ ಹಿಂದೆ ಬಿದ್ದಿರುವುದು ಅದಕ್ಕಾಗಿಯೇ. 2018ರಲ್ಲಿ ಇದರ ಜೀನೋಮ್ ಓದಿ ಮುಗಿಸಿದಾಗ ಅದು ಮನುಷ್ಯನದಕ್ಕಿಂತ ಹತ್ತು ಪಟ್ಟು ದೊಡ್ಡದೆಂದು ಕಂಡಿತು. ಆದರೆ ಬೆಳೆಯುತ್ತದಲ್ಲ ಎಂದು ನೋಯಿಸಲು ಬಿಡುವುದು ಸಾಕಣೆಯಲ್ಲ.

ಊಟದ ವಿಷಯ ಅಕ್ಕನ ಮನೆಯಲ್ಲಿ ಸಲೀಸಾಗಿ ಬಗೆಹರಿಯಲಿಲ್ಲ. ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ ಅದು. ಆಕ್ಸಲಾಟಲ್‌ಗೆ ಎರೆಹುಳುವಿಗಿಂತ ಒಳ್ಳೆಯ ಊಟವಿಲ್ಲ. ಗಾಳ ಹಾಕುವವರ ಅಂಗಡಿಯಲ್ಲಿ ನೈಟ್‌ಕ್ರಾಲರ್ ಎಂಬ ದಪ್ಪ ಎರೆಹುಳು ಡಬ್ಬಿಯಲ್ಲಿ ಸಿಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಬದುಕಿರುತ್ತದೆ. ಮೈಸೂರಿನಿಂದ ಬಂದು ಮಗಳ ಮನೆಯಲ್ಲಿದ್ದ ನಮ್ಮಮ್ಮ ಡಬ್ಬಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದರ ಆಹಾರ ಅದಕ್ಕೆ. ಉಪವಾಸ ಕೆಡವೋಕಾಗುತ್ತಾ? ಆದ್ರೆ ನನ್ನ ಮೊಸರಿನ ಪಕ್ಕ ಬೇಡ.” ಬೇಸ್‌ಮೆಂಟಿಗೆ ಪುಟ್ಟ ಫ್ರಿಜ್ಜು ಬಂತು. ಹುಡುಗಿ ಕೇಳಿದ ಪ್ರಶ್ನೆ ಇದಕ್ಕಿಂತ ಕಷ್ಟದ್ದು: “ಅಮ್ಮ, ಹುಳಕ್ಕೆ ನೋಯಲ್ವಾ?” ಅಕ್ಕ ಬೆಣ್ಣೆ ಹಚ್ಚುವ ಮಾತಾಡಲಿಲ್ಲ. “ನೋಯುತ್ತೆ ಅಂತಲೇ ಇಟ್ಕೋ. ಅದಕ್ಕೇ ಎಷ್ಟು ಬೇಕೋ ಅಷ್ಟೇ ಕೊಡು.” ಮರಿಗೆ ದಿನಾ ಊಟ, ದೊಡ್ಡದಾದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ಮುಳುಗುವ ಗುಳಿಗೆಗಳೂ ಸಿಗುತ್ತವೆ. ಹುಳು ಸಿಗದ ದಿನ ಅವೇ.

ಚಿಮಟದಲ್ಲಿ ಹಿಡಿದ ತುಣುಕನ್ನು ಹುಡುಗಿ ನೀರಿಗಿಳಿಸಿ, ರಾಗಿಯ ಮೂತಿಯಿಂದ ನಾಲ್ಕು ಬೆರಳು ದೂರದಲ್ಲಿ ಮೆಲ್ಲಗೆ ಅಲುಗಿಸುತ್ತಾಳೆ. ರಾಗಿಗೆ ದೃಷ್ಟಿ ಮಂದ. ತಲೆಯ ಮೇಲಿನ ಸೂಕ್ಷ್ಮ ಅಂಗಗಳಿಂದ ನೀರಿನ ಅದಿರಾಟ ಹಿಡಿಯುತ್ತದೆ, ವಾಸನೆ ಹಿಡಿಯುತ್ತದೆ. ತಲೆ ಒಂದಿಷ್ಟು ವಾಲುತ್ತದೆ. ಒಂದು ಹೆಜ್ಜೆ. ನಿಲ್ಲುತ್ತದೆ. ಇನ್ನೊಂದು ಹೆಜ್ಜೆ. ಚಟ್ಟನೆ ಒಂದು ಸದ್ದು ಗಾಜಿನಾಚೆಗೂ ಕೇಳುತ್ತದೆ, ಮರಳು ಒಂದಿಷ್ಟು ಎದ್ದು ಕೂರುತ್ತದೆ, ಚಿಮಟ ಖಾಲಿ. ಬಾಯಿ ತೆರೆದದ್ದನ್ನು ನಾನು ಯಾವತ್ತೂ ಕಂಡಿಲ್ಲ, ಮುಚ್ಚಿದ್ದನ್ನು ಮಾತ್ರ ಕಂಡಿದ್ದೇನೆ. ಮರುದಿನ ಹೊಲಸನ್ನು ರಬ್ಬರ್ ಬುರುಡೆಯ ಉದ್ದನೆ ಪಿಚಕಾರಿಯಿಂದ ಹೀರಿ ತೆಗೆಯುವುದೂ ಹುಡುಗಿಯ ಕೆಲಸವೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಅದಕ್ಕೆಂದೇ ಇಟ್ಟ ಬಕೆಟ್ಟಿಗೆ ಸೋಪು ಸೋಕುವಂತಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕಳೆಯದೆ ಒಂದು ಚೊಂಬೂ ತೊಟ್ಟಿಗೆ ಬೀಳುವಂತಿಲ್ಲ.

ರಾಗಿ ಒಂದಡಿಯ ಹತ್ತಿರಕ್ಕೆ ಬೆಳೆದರೂ ಬಾಲ್ಯ ಕಳೆಯುವುದಿಲ್ಲ. ಕಪ್ಪೆಯ ಗೊದಮೊಟ್ಟೆ ಕಾಲು ಮೂಡಿ ದಡ ಹತ್ತುತ್ತದೆ. ಆಕ್ಸಲಾಟಲ್ ಕಿವಿರು ಉಳಿಸಿಕೊಂಡೇ, ನೀರಿನಲ್ಲೇ, ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. ಯೂರೋಪಿನವರು ಇದರಿಂದ ತಬ್ಬಿಬ್ಬಾದದ್ದು 1860ರ ದಶಕದಲ್ಲಿ. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸಲಾಟಲ್‌ಗಳು ಪ್ಯಾರಿಸ್ ತಲುಪಿದವು. ಅವುಗಳಲ್ಲಿ ಆರು ಅಲ್ಲಿನ ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯುಮೆರಿಲ್ ಕೈಗೆ ಬಂದವು. ಮರುವರ್ಷ ಅವು ಮೊಟ್ಟೆಯಿಟ್ಟವು. ಹುಟ್ಟಿದ ಮರಿಗಳಲ್ಲಿ ಕೆಲವು, ಯಾರೂ ಎಣಿಸದಂತೆ, ಕಿವಿರು ಉದುರಿಸಿ ನೆಲದ ಸಲಮಾಂಡರ್‌ಗಳಾಗಿ ಎದ್ದು ನಿಂತವು. ಥೈರಾಯ್ಡ್ ಹಾರ್ಮೋನಿನ ಕೊರತೆಯೇ ಈ ಮುಗಿಯದ ಬಾಲ್ಯಕ್ಕೆ ಕಾರಣವೆಂದು ತಿಳಿದದ್ದು ಆಮೇಲೆ. 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಥೈರಾಯ್ಡ್ ಗ್ರಂಥಿ ತಿನ್ನಿಸಿ ಅವನ್ನು ದಡ ಹತ್ತಿಸಿದರು. ಈಗಲೂ ಕುತೂಹಲಕ್ಕೆಂದು ಅಯೋಡಿನ್ ಹಾಕಿ ನೋಡುವವರಿದ್ದಾರೆ. ಹಾಗೆ ಬದಲಾದ ಪ್ರಾಣಿ ಬಹುಮಟ್ಟಿಗೆ ಅಲ್ಪಾಯುಷಿ. ದಯವಿಟ್ಟು ಮಾಡಬೇಡಿ.

ಡ್ಯುಮೆರಿಲ್ ಆ ಸಂತಾನವನ್ನು ಯೂರೋಪಿನ ಪ್ರಯೋಗಾಲಯಗಳಿಗೆಲ್ಲ ಹಂಚಿದರು. ಇಂದು ಪ್ರಯೋಗಾಲಯಗಳಲ್ಲಿ, ಮನೆಗಳಲ್ಲಿ ಇರುವ ಆಕ್ಸಲಾಟಲ್‌ಗಳ ವಂಶ ಬಹುಪಾಲು ಆ ಕೆಲವೇ ಪ್ರಾಣಿಗಳಿಗೆ ಹೋಗಿ ಮುಟ್ಟುತ್ತದೆ. ಚಿನ್ನದ ಬಣ್ಣದವುಗಳ ಮೈಯಲ್ಲಿ ಬೇರೆ ಜಾತಿಯ ರಕ್ತವೂ ಇದೆ: 1962ರಲ್ಲಿ ಅಮೆರಿಕದ ರೂಫಸ್ ಹಂಫ್ರಿ ಬಿಳಿಚು ಹುಲಿ ಸಲಮಾಂಡರ್ ಒಂದರ ಜೊತೆ ಬೆರಕೆ ಮಾಡಿ ಆ ಗುಣವನ್ನು ಇದಕ್ಕೆ ತಂದರು. ಹೀಗಾಗಿ ಮನೆಯ ತೊಟ್ಟಿಯಲ್ಲಿ ಸಾವಿರ ಮರಿ ಮಾಡಿದರೂ ಅದು ಮೂಲ ನೆಲೆಯ ನೀರಿಗೆ ಮರಳಿ ಬಿಡುವಂಥ ಸಂತಾನವಲ್ಲ. ಹೆಣ್ಣೊಂದು ಒಂದು ಸಲಕ್ಕೆ ನೂರಾರು, ಕೆಲವೊಮ್ಮೆ ಸಾವಿರ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಗೊತ್ತಾಗುವುದು ಸುಮಾರು ವರ್ಷ ತುಂಬುವಾಗ. ಜೋಡಿ ಸಾಕಿದವರು ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಿಡದ ಎಲೆಯ ತುಂಬ ಮೊಟ್ಟೆ. ಸಾಕಲಾಗದವರು ಮೊದಲ ದಿನವೇ ಅವನ್ನು ತೆಗೆದು ಫ್ರೀಜರಿಗೆ ಹಾಕಬೇಕೆಂಬುದು ಬಲ್ಲವರ ಮಾತು. ಕೇಳಲು ಕಠಿಣ, ಆದರೆ ಐನೂರು ಮರಿಗಳನ್ನು ಹಸಿವಿಗೂ ಒಂದರ ಬಾಯಿಗೆ ಇನ್ನೊಂದನ್ನೂ ಒಡ್ಡುವುದಕ್ಕಿಂತ ಮೇಲು.

ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. 24 ದಾಟಿದರೆ ಸಂಕಟ. ಬಿಸಿಯಾದ ನೀರಲ್ಲಿ ಆಮ್ಲಜನಕ ಕಡಿಮೆ, ಬೂಷ್ಟು ಜಾಸ್ತಿ, ಪ್ರಾಣಿ ಊಟ ಬಿಡುತ್ತದೆ. ಮಿಶಿಗನ್ನಿನ ಬೇಸ್‌ಮೆಂಟು ವರ್ಷದ ಬಹುಪಾಲು ತಾನಾಗಿಯೇ ತಣ್ಣಗಿರುತ್ತದೆ. ಜುಲೈ ಆಗಸ್ಟಿನಲ್ಲಿ ಮಾತ್ರ ಚಿಲ್ಲರ್ ಗುಂಯ್‌ಗುಡುತ್ತದೆ. ಬೆಂಗಳೂರಿನಲ್ಲೂ ಈಗ ಇದನ್ನು ಸಾಕುವ ಆಸೆಯವರಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಮನೆಯೊಳಗಿನ ನೀರು 27, 28 ಡಿಗ್ರಿಗೆ ಏರುವುದು ಸಾಮಾನ್ಯ. ಫ್ಯಾನು ಎರಡು ಮೂರು ಡಿಗ್ರಿ ಇಳಿಸೀತು. ಹೆಪ್ಪುಗಟ್ಟಿದ ಬಾಟಲಿ ತೇಲಿಬಿಟ್ಟರೆ ಶಾಖ ಒಮ್ಮೆ ಇಳಿದು ಒಮ್ಮೆ ಏರಿ ಪ್ರಾಣಿಗೆ ಇನ್ನೂ ಹಿಂಸೆ. ವರ್ಷದ ಹೆಚ್ಚು ದಿನ ಚಿಲ್ಲರ್ ಓಡಬೇಕು, ಕರೆಂಟು ಹೋದಾಗ ಅದನ್ನು ಹೊರುವ ಇನ್ವರ್ಟರ್ ಬೇಕು. ಅದಿಲ್ಲದೆ ನಮ್ಮೂರಲ್ಲಿ ಆಕ್ಸಲಾಟಲ್ ತರುವುದು ತಪ್ಪು ಎಂದೇ ನನಗನ್ನಿಸುತ್ತದೆ. ಕಾನೂನೂ ಇದೆ. ವನ್ಯಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಜೀವಿ ಇದು. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೇಳಿದರೆ ಮಾತು ಮರೆಸುವ ಅಂಗಡಿಯಲ್ಲಿ ಕೊಳ್ಳಬಾರದು.

ಇಷ್ಟೆಲ್ಲ ಮನೆಗಳಲ್ಲಿ ಸಾಕುತ್ತಿರುವ ಈ ಪ್ರಾಣಿಗೆ ನಿಸರ್ಗದಲ್ಲಿ ಉಳಿದಿರುವುದು ಒಂದೇ ನೆಲೆ: ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ತಣ್ಣನೆ ನೀರು ಅದು. ನಮ್ಮ ಚಿಲ್ಲರ್‌ಗಳೆಲ್ಲ ಅನುಕರಿಸಲು ಹೆಣಗುವುದು ಆ ನೀರನ್ನೇ. ಒಂದು ಕಾಲಕ್ಕೆ ಇದರ ಇನ್ನೊಂದು ತವರಾಗಿದ್ದ ಚಾಲ್ಕೊ ಸರೋವರವನ್ನು ಬತ್ತಿಸಿಬಿಟ್ಟರು. ಸೊಚಿಮಿಲ್ಕೊದಲ್ಲಿ ಕೆಸರು ಮತ್ತು ಗಿಡಗಂಟಿ ಪೇರಿಸಿ ಕಟ್ಟಿದ ಚಿನಾಂಪ ಎಂಬ ಹೊಲಗಳು ಆಜ್ಟೆಕ್ಕರ ಕಾಲದಿಂದಲೂ ಬೆಳೆ ಕೊಡುತ್ತಿವೆ. ಅವುಗಳ ನಡುವಿನ ಕಿರುಗಾಲುವೆಗಳೇ ಆಕ್ಸಲಾಟಲ್‌ನ ಮನೆ. ಜನರ ಹೊಟ್ಟೆಗೆಂದು ಕಳೆದ ಶತಮಾನದಲ್ಲಿ ತಂದುಬಿಟ್ಟ ಕಾರ್ಪ್, ಟಿಲಾಪಿಯಾ ಮೀನುಗಳು ಇದರ ಮೊಟ್ಟೆ ಮರಿಗಳನ್ನು ಮುಕ್ಕಿದವು, ನಗರದ ಕೊಳಚೆ ನೀರು ಸೇರಿತು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಎಂದು ಲೆಕ್ಕ ಸಿಕ್ಕಿದ್ದ ಪ್ರಾಣಿ, 2014ರ ಎಣಿಕೆಯಲ್ಲಿ 36ಕ್ಕೆ ಇಳಿದಿತ್ತು. 2021ರಿಂದ ಮೆಕ್ಸಿಕೊದ 50 ಪೆಸೊ ನೋಟಿನ ಮೇಲೆ ಇರುವುದು ಇದರ ಚಿತ್ರವೇ.

ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಲೂಯಿಸ್ ಸಂಬ್ರಾನೊ ಮತ್ತು ಅವರ ಜೊತೆಗಾರರು ಚಿನಾಂಪ ರೈತರನ್ನು ಕಟ್ಟಿಕೊಂಡು ಕಿರುಗಾಲುವೆಗಳನ್ನು ಮತ್ತೆ ಆಕ್ಸಲಾಟಲ್‌ಗೆ ತಕ್ಕ ಹಾಗೆ ಮಾಡುತ್ತಿದ್ದಾರೆ. ಕಾಲುವೆಯ ಬಾಯಿಗೆ ಗಿಡ, ಕಲ್ಲು ತುಂಬಿದ ಸೋಸುಕಟ್ಟೆ. ಕೊಳೆ ಒಳಬರುವುದಿಲ್ಲ, ಮೀನೂ ಬರುವುದಿಲ್ಲ. ರೈತ ಆ ಹೊಲಕ್ಕೆ ಕೀಟನಾಶಕ ಹಾಕುವುದಿಲ್ಲ. ಹೀಗೆ ಸಿದ್ಧಪಡಿಸಿದ ನೀರಿಗೂ ಕೃತಕವಾಗಿ ರೂಪಿಸಿದ ಜೌಗಿಗೂ ಅವರು ಬಿಟ್ಟು, ರೇಡಿಯೊ ಸಾಧನ ಅಳವಡಿಸಿ ಹಿಂಬಾಲಿಸಿದ 18 ಆಕ್ಸಲಾಟಲ್‌ಗಳು ಗಮನಿಸಿದಷ್ಟು ಕಾಲವೂ ಬದುಕಿದ್ದವು, ಮತ್ತೆ ಸಿಕ್ಕವುಗಳ ತೂಕ ಹೆಚ್ಚಿತ್ತು ಎಂದು 2025ರಲ್ಲಿ ವರದಿ ಪ್ರಕಟವಾಯಿತು. ಅಲ್ಲಿಯೂ ಮೊದಲು ನಡೆದದ್ದು ನೀರಿನ ಕೆಲಸವೇ. ಈ ಕೆಲಸಕ್ಕೆ ದುಡ್ಡು ಕೂಡಿಸಲು 2022ರಲ್ಲಿ ವಿಶ್ವವಿದ್ಯಾಲಯ ದತ್ತು ಯೋಜನೆಯೊಂದನ್ನು ತೆರೆಯಿತು. ನಿಗದಿತ ಹಣ ಕೊಟ್ಟವರ ಹೆಸರಿಗೆ ಒಂದು ಆಕ್ಸಲಾಟಲ್ ದತ್ತು, ಪ್ರಾಣಿ ಮಾತ್ರ ಯಾರ ಮನೆಗೂ ಹೋಗುವುದಿಲ್ಲ. ತೊಟ್ಟಿ ಇಡಲು ಜಾಗವಿಲ್ಲದ, ನೀರು ತಂಪಾಗಿಡಲಾಗದ ಊರಿನ ಮಕ್ಕಳು ಆಕ್ಸಲಾಟಲ್ ಬೇಕೆಂದು ಹಟ ಹಿಡಿದರೆ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಈ ದಾರಿಯನ್ನೇ. ಆಕ್ಸಲಾಟಲ್‌ಗೆ ನೀರು ಬಿಟ್ಟುಕೊಟ್ಟ ಚಿನಾಂಪಗಳ ಸೊಪ್ಪು ತರಕಾರಿಗೆ ವಿಶ್ವವಿದ್ಯಾಲಯ ಒಂದು ಗುರುತಿನ ಚೀಟಿ ಅಂಟಿಸಿಕೊಡುತ್ತದೆ, ಮೆಕ್ಸಿಕೊ ನಗರದಲ್ಲಿ ಆ ಚೀಟಿ ನೋಡಿ ಕೊಳ್ಳುವವರಿಂದ ರೈತನಿಗೂ ನಾಲ್ಕು ಕಾಸು ಹೆಚ್ಚು ಸಿಗಲಿ ಎಂದು.